ಅದು ಮೊದಲಽ ಇತ್ರಿ

ಬಾಗಲಕೋಟಿ ನವನಗರದಾಗ ಪದ್ಮವ್ವನ ಮನ್ಯಾಗ ಬಾಡಿಗಿಗಿದ್ದ ಹಣಮೇಶಂದು ಒಂದಽ ಮಾತು, ಕೇಳಿ ಕೇಳಿ ಆಕಿ ತಲಿ ಚಿಟ್ಟ ಹಿಡದಿತ್ತು. ಗ್ವಾಡಿಗೆ ಮೊಳಿ ಯಾರು ಹೊಡದ್ರು ಅಂದ್ರ “ಅದು ಮೊದಲಽ ಇತ್ರಿ ಅವ್ವಾರ” ಅಂತಿದ್ದ. ನಳ ಸೋರಿದ್ರೂ ಮೊದಲಽ, ಕಿಡಕಿ ಗಾಜು ಒಡದ್ರೂ ಮೊದಲಽ, ನಿನ್ನಿ ಒಗ್ಗರಣಿ ಸಿಡದು ಬಿದ್ದ ಅರಿಷಿಣದ ಕಲಿ ಸೈತ ಮೊದಲಽ! “ಇಂವ ತಮ್ಮಪ್ಪನಕಿಂತ ಮೊದಲಽ ಹುಟ್ಟ್ಯಾನೇನು?” ಅಂತ ಪದ್ಮವ್ವ ವಟಗುಟ್ಟತಿದ್ದಳು. ದೀಪಾವಳಿಗೆ ಅಂವ ಒಂದು ಮಾತೂ ಕೇಳದಽ ತಲಬಾಗಲಕ್ಕ ಬಣ್ಣಾ ಹಚ್ಚಿಬಿಟ್ಟ. ಡ್ಯಾಮಿನ ನೀರಾಗ ಮುಳುಗಡ್ಯಾದ ಹಳೇ ಮನಿಯಿಂದ ಆಕಿ ಗಂಡ ಕಿತ್ತು ತಂದಿದ್ದ ಬಾಗಲ ಅದು. ಬೈಯಾಕಂತಽ ಓಡಿ ಬಂದಳು. ಹೊಸಾ ಬಣ್ಣದ ನಡುವ, ಮುಳುಗೋ ಮನಿಗಂತ ಅಧಿಕಾರಿಗಳು ಬರದು ಹೋಗಿದ್ದ ಕೆಂಪು ನಂಬರು ಬಣ್ಣಾ ತಾಗದಽ ಹಂಗಽ ಇತ್ತು. “ಅದು ಮೊದಲಽ ಇತ್ರಿ ಅವ್ವಾರ” ಅಂದ. “ಹೌದಪಾ, ಇತ್ತು” ಅಂತ ಪದ್ಮವ್ವ ಅವತ್ತಽ ಮೊದಲ್ನೇ ಸಲ ಒಪ್ಪಿಕೊಂಡಳು.