ದೀಪ ನಿಲ್ಲದ ಹಗೇವಿನ ಷಡ್ಜ

ವಿಜಾಪುರದಲ್ಲಿ ನನ್ನ ಹತ್ತಿರ ಹಾಡು ಕಲಿಯುವವರು ‘ನಿಮ್ಮ ದನಿ ಭಾಳ ಚಂದ’ ಎಂದರೆ ನಾನು ಸಿಡುಕುತ್ತೇನೆ. ಸೊಕ್ಕು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಎಪ್ಪತ್ತರ ದಶಕದ ಮೊದಲಲ್ಲಿ ನನಗೆ ವಿಷಮಜ್ವರ ಬಂತು. ಹೋಗುವಾಗ ದನಿಯನ್ನೂ ಒಯ್ದಿತು. ತಿಕೋಟಾದ ಮನೆಯಲ್ಲಿ ನಾನು ಮಾತಾಡಿದರೆ ಹಳೇ ಬಾಗಿಲು ಕಿರುಗುಟ್ಟಿದಂತಾಗುತ್ತಿತ್ತು. ಹಾಡಿಲ್ಲದೆ ಬದುಕುವುದು ನನಗೆ ಬೇಡವಾಗಿತ್ತು.

ನನಗೆ ಹಾಡು ಕಲಿಸಿದವರು ಬಬಲೇಶ್ವರದ ಒಬ್ಬ ಮುದುಕಿ. ಎಲ್ಲರಂತೆ ನಾನೂ ಅಕ್ಕೋರು ಎನ್ನುತ್ತಿದ್ದೆ. ಮೊದಲು ಅವರೇ ನಮ್ಮ ಮನೆಗೆ ಬಂದು ಕಲಿಸುತ್ತಿದ್ದರು. ಅವರಿಗೆ ಬೇರೆ ಪೂಜೆ ಇರಲಿಲ್ಲ. ಸ್ನಾನ ಮಾಡಿ ಕೆಳಗಿನ ಷಡ್ಜ ಹಿಡಿದು ಕೂತರೆ ಅದೇ ಪೂಜೆ.

ದನಿ ಹೋದ ಮೇಲೆ ಎರಡು ಬಸ್ಸು ಬದಲಿಸಿ ನಾನೇ ಅವರ ಊರಿಗೆ ಹೋದ ದಿನ ಅವರ ಅಂಗಳದಲ್ಲಿ ಹಗೇವು ತೆರೆದಿದ್ದರು. ನೆಲದೊಳಗೆ ಜೋಳ ತುಂಬಿಡುವ ಆ ಕುಣಿಯಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಇಳಿಯುವ ಮೊದಲು ದೀಪ ಬಿಟ್ಟು ನೋಡುವುದು ನಮ್ಮ ಕಡೆಯ ರೂಢಿ. ದೀಪ ಆರಿತು. ಗಾಳಿಯಾಡಲಿ ಎಂದು ಆಳುಗಳು ಊಟಕ್ಕೆ ಎದ್ದರು.

“ಈಗ ಹಾಡು,” ಎಂದರು ಅಕ್ಕೋರು. “ದೂರ ಕೂಡು, ಬಗ್ಗಬ್ಯಾಡ.”

“ದನಿನ ಇಲ್ಲಲ್ರಿ.”

“ದೀಪ ನಿಲ್ಲದ ಜಾಗಾದಾಗ ದನಿ ನಿಲ್ತೈತೇನ ನೋಡೂಣು. ಗಂಟಲಾ ನಂದು ಅಂತ ತಿಳಕೊಂಡಿ, ಅದಕ್ಕ ಅಳಾಕತ್ತಿ. ಖಾಲಿ ಆಗು. ಬರೂದಿದ್ರ ಬರ್ತೈತಿ.”

ಅವರೇ ಮೊದಲು ಷಡ್ಜ ಹಿಡಿದರು. ಹಗೇವು ಗುಂಯ್ಯೆಂದಿತು. ಅವರು ನಿಲ್ಲಿಸಿದರು, ಅದು ನಿಲ್ಲಿಸಲಿಲ್ಲ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ನನ್ನ ಮೈ ಜುಮ್ಮೆಂದಿತು. ಹೆದರುತ್ತಲೇ ಬಾಯಿ ತೆರೆದೆ. ಹೊಟ್ಟೆಯ ಬುಡದಿಂದ ದನಿ ಎದ್ದು ಬಂತು, ದಪ್ಪಗೆ, ತಣ್ಣಗೆ. ಆಗ ಕುಣಿ ಸುಮ್ಮನಾಯಿತು.

ಖುಷಿಗೆ ಅಳುತ್ತ ಅವರ ಕಾಲು ಹಿಡಿದೆ. ಅವರು ಏನೋ ಹೇಳಲು ಹೋದರು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಗಂಟಲು ಮುಟ್ಟಿಕೊಂಡು ನಕ್ಕರು. ಬಸ್ಸಿಗೆ ಹೊತ್ತಾಯಿತೆಂದು ಕೈಸನ್ನೆ ಮಾಡಿ ಕಳಿಸಿದರು. ಹುಚ್ಚು ಸಂತೋಷದಲ್ಲಿದ್ದ ನಾನು ತಿರುಗಿಯೂ ನೋಡಲಿಲ್ಲ.

ಮನೆಗೆ ಬಂದವಳೇ ಪಡಸಾಲೆಯಲ್ಲಿ ಕೂತು ಷಡ್ಜ ಹಿಡಿದೆ. ಅವ್ವ ಕೇಳಲಿ, ಕುಣಿದಾಡಲಿ ಎಂಬ ಆಸೆ. ಅವ್ವ ಅಡುಗೆಮನೆಯಿಂದ ಓಡಿಬಂದಳು. ತಲೆ ಮೇಲೆ ಸೆರಗು, ಕೈಯಲ್ಲಿ ಕಾಲಿಗೆ ಕೊಡುವ ನೀರಿನ ತಂಬಿಗೆ. ನನ್ನನ್ನು ದಾಟಿ ಬಾಗಿಲತ್ತ ನೋಡಿದಳು.

“ಅಕ್ಕೋರು ಎಲ್ಲಿ ಅದಾರ? ಹೊರಗ ನಿಲ್ಲಿಸಿ ಬಂದೀಯೇನ ಬೇ?”

ಪಡಸಾಲೆಯಲ್ಲಿ ನಾನೊಬ್ಬಳೇ ಇದ್ದೆ. ಹಾಗೆಂದು ಹೇಳಲು ಬಾಯಿ ತೆರೆಯಬೇಕಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.