ನೆಲ ಮೂಸುತ್ತಿದ್ದ ಮೇಸ್ತ್ರಿ

ಮೊಣಕಾಲೂರಿ, ಎರಡೂ ಅಂಗೈ ನೆಲಕ್ಕೊತ್ತಿ, ಮೂಗು ಸಿಮೆಂಟಿಗೆ ತಾಗುವಷ್ಟು ಬಗ್ಗುತ್ತಿದ್ದರು ನಮ್ಮ ಮೇಸ್ತ್ರಿ. ಮಚ್ಛೆ ಊರಿನ ಕಾರ್ಖಾನೆಯ ಬಣ್ಣದ ಕೋಣೆಯಲ್ಲಿ ಯಾರೇ ಕಡ್ಡಿ ಗೀರಬೇಕಾದರೂ ಮೊದಲು ಮೇಸ್ತ್ರಿ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದು, ಹೀಗೆ ನೆಲ ಮೂಸಬೇಕು.

"ಏನ್ ಕಳಕೊಂಡೀರ್ರಿ ಮೇಸ್ತ್ರಿ?" ಎಂದು ನಾನು ಚೇಷ್ಟೆ ಮಾಡಿದರೆ, "ನಿನ್ನ ಬುದ್ಧಿ ಇಲ್ಲೆ ಬಿದ್ದೈತೇನಂತ ನೋಡಾಕತ್ತೀನಿ" ಎನ್ನುತ್ತಿದ್ದರು. ಆಮೇಲೆ ದನಿ ತಗ್ಗಿಸಿ, "ಬಣ್ಣಕ್ಕ ಬೆರಸೋ ಥಿನ್ನರಿನ ಹಬಿ ಮ್ಯಾಲ ಹೋಗಂಗಿಲ್ಲೋ, ನೆಲಾ ಹಿಡದು ಹರೀತೈತಿ. ಕಿಡೀನ್ನ ಹುಡುಕ್ಕೊಂಡು ಹೋಗತೈತಿ. ಒಳಗ ಇದ್ದಾವನ ಮೂಗು ಒಗ್ಗಿಬಿಡತೈತಿ, ತಿಳಿಯಂಗಿಲ್ಲ."

ಒಂದು ವರ್ಷ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಬೆಳಿಗ್ಗೆ ಖಾನಾಪುರದಿಂದ ಅವರು ಬರುವ ಬಸ್ಸು ತಡವಾಯಿತು. ನೆಲಕ್ಕೆ ಥಿನ್ನರ್ ಹಾಕಕೂಡದೆಂದು ಅವರ ಕಟ್ಟಪ್ಪಣೆ. ಆದರೂ ಪೂಜೆಗೆ ನೆಲ ಹೊಳೆಯಲೆಂದು ನಾನು ಥಿನ್ನರ್ ಸುರಿದು ಬಣ್ಣದ ಕಲೆಗಳನ್ನು ಒರೆಸಿದ್ದೆ. ಧೂಳು ಬಾರದಿರಲೆಂದು ಶಟರನ್ನೂ ಇಳಿಸಿದ್ದೆ. ಮಾಲೀಕರು ಬಂದ ಮೇಲೆ ಯಂತ್ರದ ಮುಂದೆ ರಂಗೋಲಿ ಹಾಕಿ ದೀಪವನ್ನು ನೆಲದ ಮೇಲಿಟ್ಟಿದ್ದೆವು.

ಮೇಸ್ತ್ರಿ ಬಂದವರೇ ಮೂಗು ಅರಳಿಸಿದರು. "ನೆಲಾ ಯಾತರಿಲೆ ವರಸೀದಿ?"

ಮಾಲೀಕರೆದುರು ಬೈಸಿಕೊಳ್ಳುವ ಭಯ. "ಬರೇ ನೀರಿಲೇರಿ. ವಾಸನಿ ನಿನ್ನಿ ಬಣ್ಣದ್ದು" ಎಂದೆ.

ಆದರೂ ಅವರು ಮೊಣಕಾಲೂರಲು ಹೊರಟರು. ಮಾಲೀಕರು ನಕ್ಕರು. "ನಮಸ್ಕಾರ ಆಮ್ಯಾಲ ಮಾಡ್ರಿ ಮೇಸ್ತ್ರಿ, ಮೊದಲ ದೀಪಾ ಹಚ್ರಿ. ಮುಹೂರ್ತ ಮೀರತೈತಿ."

ಮೇಸ್ತ್ರಿ ನನ್ನ ಮುಖ ನೋಡಿದರು. ಏನೂ ಇಲ್ಲವೆಂಬಂತೆ ತಲೆಯಾಡಿಸಿದೆ. ಅವರು ಕಡ್ಡಿ ಗೀರಿದರು.

ಬೆಂಕಿ ಮೇಲೇಳಲಿಲ್ಲ, ನೆಲದ ಮೇಲೆ ಓಡಿತು. ರಂಗೋಲಿ ದಾಟಿ ನನ್ನತ್ತ ಬಂತು. ಮೇಸ್ತ್ರಿ ಮಾಲೀಕರನ್ನೂ ನನ್ನನ್ನೂ ಪಕ್ಕದ ಬಾಗಿಲಿನಿಂದ ಹೊರಗೆ ದೂಡಿ, ತಾವು ಒಳಗೇ ನಿಂತು ಬೆಂಕಿ ಆರಿಸಲೆಂದು ಇಟ್ಟಿದ್ದ ಮರಳನ್ನು ಬರಿಗೈಯಲ್ಲಿ ಎರಚಿದರು. ಆ ಕೈಗಳ ಬೆರಳು ಮತ್ತೆ ನೆಟ್ಟಗಾಗಲಿಲ್ಲ.

ಖಾನಾಪುರಕ್ಕೆ ನೋಡಲು ಹೋದಾಗ, ಪಟ್ಟಿ ಕಟ್ಟಿದ ಕೈಗಳನ್ನು ಎದೆಯ ಮೇಲಿಟ್ಟುಕೊಂಡು, "ತಪ್ಪು ನಂದೈತಪಾ. ಬಗ್ಗಿ ನೋಡಬೇಕಿತ್ತು" ಎಂದರು. ಅವರ ಹೆಂಡತಿ ಕೊಟ್ಟ ಚಹಾ ಕುಡಿದು, ನಿಜ ಹೇಳದೆ ಬಂದೆ.

ಈಗಲೂ ಮೊಮ್ಮಗಳು ಉಗುರುಬಣ್ಣ ಅಳಿಸುವ ಬಾಟಲಿ ತೆರೆದರೆ ಸಾಕು, ಓಡಿಹೋಗಿ ದೇವರ ದೀಪ ಶಾಂತ ಮಾಡುತ್ತೇನೆ. "ಎಷ್ಟ್ ಅಂಜತೀಯೋ ಅಜ್ಜಾ!" ಎಂದು ಅವಳು ನಗುತ್ತಾಳೆ.

ಹೋದ ತಿಂಗಳು ಮೇಸ್ತ್ರಿ ತೀರಿಕೊಂಡರು. ಅವರನ್ನು ಮಲಗಿಸಿದ್ದ ಪಡಸಾಲೆಯಲ್ಲಿ, ತಲೆಯ ಬಳಿ ದೀಪ ಹಚ್ಚಲು ಅವರ ಮಗ ಕಡ್ಡಿಪೆಟ್ಟಿಗೆ ತೆಗೆದ. "ತಡಿಯಪಾ" ಎಂದೆ. ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ಬಂದು, ಮೊಣಕಾಲೂರಿ, ಮೂಗನ್ನು ನೆಲಕ್ಕೆ ಹಚ್ಚಿದೆ. ಅಲ್ಲಿಂದಲೇ ಅವರ ಕಿವಿಯ ಹತ್ತಿರ ಹೇಳಿದೆ: "ಅವತ್ತ ನಾ ಥಿನ್ನರ್ ಹಾಕಿದ್ದೆರಿ."

ನನ್ನ ನಮಸ್ಕಾರ ಮುಗಿಯಲೆಂದು ಎಲ್ಲರೂ ಕಾಯುತ್ತಿದ್ದರು.