ಹೊರಗಿನ ಚಿಲಕ

“ಹೌದು ಕಣೋ, ಚಿಲಕ ಹಾಕ್ತಿದ್ದೆ. ಹೊರಗಿನಿಂದಲೇ ಹಾಕ್ತಿದ್ದೆ. ಈ ಕಡೆ ನಿಗಿನಿಗಿ ಕೆಂಡ, ಆ ಕಡೆ ಲಾರಿ ಓಡೋ ರಸ್ತೆ. ನಿನ್ನನ್ನ ಯಾವುದರ ಬಾಯಿಗೆ ಬಿಡಬೇಕಿತ್ತು? ಒಳಗೆ ನೀನು ಅತ್ತರೆ ಹೊರಗೆ ನಾನು ಹಾಡ್ತಿದ್ದೆ, ಗಂಟಲು ಕಟ್ಟೋವರೆಗೆ. ಅದು ನಿನ್ನ ಸಿನಿಮಾ ಡಾಕ್ಟರಿಗೆ ಗೊತ್ತಾ? ಅದೇ ಕೋಣೇಲಿ ನಿನ್ನ ಅಕ್ಕನೂ ಇದ್ದಳಲ್ಲ, ಅವಳು ಯಾರ ಮೇಲೆ ಕೈ ಎತ್ತಿದಾಳೆ ಹೇಳು!”

ಓಣಿಯವರೆಲ್ಲ ಕೆಂಡಕ್ಕ ಎಂದು ಕರೆಯುವ ಇಸ್ತ್ರಿಯಾಕೆ ಮಗನಿಗೆ ಹೀಗೆಂದಾಗಲೂ ಕೈಯಲ್ಲಿದ್ದ ಕೆಂಡದ ಇಸ್ತ್ರಿಪೆಟ್ಟಿಗೆ ಕೆಳಗಿಡಲಿಲ್ಲ. ಗಂಡ ಸತ್ತ ಮೇಲೆ ಆ ಪೆಟ್ಟಿಗೆಯನ್ನೇ ನೂಕಿ ಇಬ್ಬರು ಮಕ್ಕಳನ್ನು ದಡ ಸೇರಿಸಿದವಳು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದೇ ಬಾಗಿಲು.

ಹಿಂದಿನ ದಿನ ಮಗ, ಸೊಸೆ, ಅವಳು ಮೂವರೂ ಸಿನಿಮಾಕ್ಕೆ ಹೋಗಿದ್ದರು. ಅದರಲ್ಲಿ ಖಳನಾಯಕ ಹೆಂಗಸರನ್ನು ಕತ್ತಲಲ್ಲಿ ಕೂಡಿಹಾಕಿ ಕೊಲ್ಲುತ್ತಾನೆ. ಕೊನೆಗೆ ಮನಸ್ಸಿನ ಡಾಕ್ಟರೊಬ್ಬ ಬಿಡಿಸಿ ಹೇಳುತ್ತಾನೆ: ಚಿಕ್ಕಂದಿನಲ್ಲಿ ತಾಯಿ ಇವನನ್ನು ಕೂಡಿಹಾಕುತ್ತಿದ್ದಳು, ಆ ಸಿಟ್ಟು ಮನಸ್ಸಿನ ತಳದಲ್ಲಿ ಕೂತಿದೆ, ಕಂಡ ಹೆಂಗಸರಲ್ಲೆಲ್ಲ ಇವನು ತಾಯಿಯನ್ನೇ ಕಾಣುತ್ತಾನೆ. ಮಗ ಕುರ್ಚಿಯ ತುದಿಗೆ ಜಾರಿ ಕಿವಿಗೊಟ್ಟು ಕೇಳಿದ್ದ.

ಬೆಳಿಗ್ಗೆ ಅಂಗಿಗೆ ಗುಂಡಿ ಹೊಲಿದಿಲ್ಲವೆಂದು ಅವನು ಹೆಂಡತಿಯ ಕೆನ್ನೆಗೆ ಬಾರಿಸಿದ. ಅದೇನು ಹೊಸದಲ್ಲ. ಆದರೆ ಈ ಸಲ ಅವಳು “ಯಾಕೆ ಹೊಡೀತೀರಿ?” ಎಂದು ಕೇಳಿ ಬಟ್ಟೆಬರೆ ಚೀಲಕ್ಕೆ ತುಂಬತೊಡಗಿದಳು.

“ನನ್ನನ್ನೇನು ಕೇಳ್ತೀಯ? ಅಮ್ಮನ್ನ ಕೇಳು. ಡಾಕ್ಟರು ಹೇಳಿದ್ದು ಕೇಳಿದೆಯಲ್ಲ, ನನ್ನನ್ನೂ ಕೂಡಿಹಾಕಿಯೇ ಬೆಳೆಸಿದ್ದು,” ಎಂದಿದ್ದ ಮಗ. ಅದಕ್ಕೇ ಕೆಂಡಕ್ಕ ಸಿಡಿದದ್ದು.

ಈಗ ಮಗ ಗೊಣಗಿದ: “ನಿನಗೆ ಇದೆಲ್ಲ ಅರ್ಥ ಆಗಲ್ಲಮ್ಮ. ನನ್ನ ಕೈಲಿ ಇಲ್ಲ ಇದು.”

“ಕೆಲಸದಲ್ಲಿ ಸಾಹೇಬ ನಿನ್ನ ಮುಖಕ್ಕೆ ಉಗಿದಾಗ ಕೈ ಜೇಬಲ್ಲಿ ತೆಪ್ಪಗೆ ಮಲಗಿರುತ್ತಲ್ಲ, ಆಗ ನಿನ್ನ ಕೈಲೇ ಇರುತ್ತಾ? ಈ ಕೋಣೆ ಹೆಂಡತಿ ಮುಂದೆ ಮಾತ್ರ ನೆನಪಾಗುತ್ತಾ? ನನ್ನ ಮೇಲೆ ಸಿಟ್ಟಿದ್ದರೆ ನನ್ನನ್ನ ಕೇಳು. ಎದುರಿಗೇ ನಿಂತಿದೀನಿ.”

ಸೊಸೆ ಚೀಲ ಹೆಗಲಿಗೇರಿಸಿದಳು.

“ಇಳಿಸಮ್ಮ ಅದನ್ನ. ಮನೆ ನನ್ನದು. ಹೋಗಬೇಕಾದವನು ಇವನು. ನೀನಾಗಿ ಕರೆದರೆ ಬರಲಿ, ಇಲ್ಲದಿದ್ದರೆ ಬೇಡ.”

“ಹೆತ್ತ ಮಗನ್ನ ಹೊರಗೆ ಹಾಕ್ತೀಯಾ?”

“ಒಳಗೆ ಹಾಕಿದ್ದಕ್ಕೆ ದೂರು ಹೇಳಿದೆಯಲ್ಲಪ್ಪ, ಈಗ ಹೊರಗೆ ಹಾಕ್ತಿದೀನಿ!”

ಅವನು ಗುಂಡಿಯಿಲ್ಲದ ಅಂಗಿಯಲ್ಲೇ ಮೆಟ್ಟಿಲಿಳಿದ. ಅವನು ತಿರುವು ದಾಟುವವರೆಗೂ ಕೆಂಡಕ್ಕ ನೋಡಿದಳು, ಕರೆಯಲಿಲ್ಲ.

ಸೊಸೆ ಚೀಲವನ್ನು ಮೂಲೆಗಿಟ್ಟು, ಕೆನ್ನೆ ಒರೆಸಿಕೊಂಡು, ರಾಶಿಯಿಂದ ಒಂದು ಹಾಸುಬಟ್ಟೆ ಎಳೆದು ಹರವಿ ನೀರು ಚಿಮುಕಿಸಿದಳು. ಅತ್ತೆ ಪೆಟ್ಟಿಗೆಯ ಬೂದಿ ಊದಿ, ಅಂಚಿನಿಂದ ಉಜ್ಜತೊಡಗಿದಳು.